ಟಿಕೆಟ್ ಖಾಲಿ

ಅಪ್ಪ,

ನೀನು ಹೋದಮೇಲೆ ನಿನ್ನೆಯೇ ನನ್ನ ಮೊದಲ ಹಾಸ್ಯ ಪ್ರದರ್ಶನ. ಎಡಿನ್‌ಬರೋದ ಅದೇ ಪಬ್ಬು, ಅದೇ ಅಟ್ಟ, ಮಧ್ಯಾಹ್ನ ಮೂರಕ್ಕೆ. ಹನ್ನೊಂದು ವರ್ಷ ನನ್ನ ಹೊಟ್ಟೆ ಹೊರೆದ ನಿನ್ನ ಮೇಲಿನ ಜೋಕನ್ನೇ ಹೇಳಿದೆ: "ನಮ್ಮಪ್ಪ ಬಳಸಿದ ಟೀ ಬ್ಯಾಗ್‌ಗಳನ್ನ ತೊಳೆದು ಹಗ್ಗದ ಮೇಲೆ ಒಣಹಾಕ್ತಿದ್ರು. ಪಕ್ಕದ್ಮನೆ ಎನಿಡ್ ಅವುಗಳಿಂದ ನೇತಾಡೋ ದಾರ ನೋಡಿ, ಇಲಿ ಬಾಲ ಅಂದ್ಕೊಂಡು, ತನ್ನ ಬೆಕ್ಕನ್ನ ಕಳಿಸ್ತಿದ್ಲು."

ಯಾರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು, "ಅಯ್ಯೋ, ಯಾವಾಗ ಹೋಗ್ಬಿಟ್ರಮ್ಮಾ?" ಎಂದು ಕರವಸ್ತ್ರ ಚಾಚಿದಳು. ಉಳಿದ ಸಮಯವೆಲ್ಲ ಅವರೇ ನನ್ನನ್ನು ಸಮಾಧಾನ ಮಾಡಿದರು.

ಅಟ್ಟ ನೋಡಿಕೊಳ್ಳುವ ಮೊರಾಗ್ ಬೈದಳು: "ಬೆರಿಲ್, 'ಹಾಕ್ತಿದ್ರು' ಅಂದ್ಯಲ್ಲೇ ಪೆದ್ದಿ! ಸತ್ತೋರನ್ನ ನೋಡಿ ಯಾರೇ ನಗ್ತಾರೆ? 'ಹಾಕ್ತಾರೆ' ಅನ್ನು."

ಇವತ್ತು "ಹಾಕ್ತಾರೆ" ಎಂದೆ. ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಒಬ್ಬ, "ಒಂದ್ಸಲ ಕರ್ಕೊಂಡ್ ಬಾರಮ್ಮಾ ಅವ್ರನ್ನ!" ಎಂದು ಕೂಗಿದ.

"ಟಿಕೆಟ್ ತಗೋಬೇಕಲ್ಲ, ಬರಲ್ಲ," ಎಂದೆ. ಇನ್ನೂ ಜೋರು ನಗು.

ನೀನು ಬರ್ತೀನಿ ಎಂದಾಗಲೆಲ್ಲ "ಟಿಕೆಟ್ ಖಾಲಿ ಅಪ್ಪ" ಎನ್ನುತ್ತಿದ್ದೆ. ನೆನಪಿದೆಯಾ? ಇವತ್ತೂ ಮೂವತ್ತು ಕುರ್ಚಿ ಖಾಲಿ.

ಬೆರಿಲ್