ಕಿವಿಯಲ್ಲಿ ಹೇಳಿದ ಹೆಸರು

ಶಿವಮೊಗ್ಗ, ಸೋಮವಾರ

ಅಕ್ಕನಿಗೆ ತಂಗಿಯ ಶರಣು. ಮಂಡಿ ಆಪರೇಷನ್ ನೆಪದಲ್ಲಿ ನೀನು ಭದ್ರಾವತಿಯಲ್ಲೇ ಉಳಿದು ಪುಣ್ಯ ಕಟ್ಟಿಕೊಂಡೆ. ನಮ್ಮ ತಮ್ಮ ಪ್ರಸನ್ನನ ಮಗಳಿಗೆ ನಿನ್ನೆ ಈ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಹೆಸರಿಟ್ಟಾಯಿತು. ಅವ್ವ ತೀರಿಕೊಂಡ ವರ್ಷವೇ ಹುಟ್ಟಿದ ಕೂಸು, ಅವ್ವನ ಹೆಸರೇ ಇಡೋಣ ಎಂದಿದ್ದೆ. "ಹಾಲಮ್ಮ ಅಂತ ಇಟ್ರೆ ಸ್ಕೂಲಲ್ಲಿ ನಗ್ತಾರೆ ಅಕ್ಕ" ಎಂದ. ಮೊಬೈಲಿನಲ್ಲಿ ಹುಡುಕಿ ತೆಗೆದ ಹೆಸರು ಝ್ಯಾನ್ವಿಕಾ. ಅರ್ಥ ಕೇಳಿದರೆ, "ನೆಟ್ ಬರ್ಲಿ, ನೋಡಿ ಹೇಳ್ತೀನಿ" ಎಂದ.

ಕಾರ್ಯಕ್ರಮ ನಡೆಸಲು ದುಡ್ಡು ಕೊಟ್ಟು ಒಬ್ಬ ಹುಡುಗಿಯನ್ನು ಕರೆಸಿದ್ದರು. ಸೋದರತ್ತೆಯಾದ ನಾನು ಮೂರು ಸಲ ಹೆಸರು ಹೇಳಲು ಕೂಸಿನ ಕಿವಿಗೆ ಬಾಗಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಆ ಹುಡುಗಿ ಓಡಿ ಬಂದು, "ಅಯ್ಯೋ, ಆಂಟೀಗೆ ಯಾಕ್ ಹೊಡೀತಿದೀರ?" ಎಂದು ಅಡ್ಡ ನಿಂತಳು. ವಿಷಯ ತಿಳಿದ ಮೇಲೆ, "ಸೂಪರ್! ವಿಡಿಯೋಗೆ ಇನ್ನೆರಡು ಸಲ ಹೊಡೀರಿ" ಎಂದಳು. ಮಹಾ ಕರುಣಾಮಯಿ.

ಆ ಗದ್ದಲದಲ್ಲಿ ನಾನು ಹೇಳಿದ್ದು ಕೂಸಿಗೆ ಮಾತ್ರ ಕೇಳಿಸಿತು. ಮೂರು ಸಲವೂ ಹಾಲಮ್ಮ ಎಂದೇ ಹೇಳಿದೆ ಅಕ್ಕ. ಶಿವನು ಒಪ್ಪುವುದು ಕಿವಿಯಲ್ಲಿ ಹೇಳಿದ ಹೆಸರನ್ನೇ ಹೊರತು ಕೇಕಿನ ಮೇಲೆ ಬರೆದದ್ದನ್ನಲ್ಲ.

ಬೆನ್ನು ಬಾತಿದೆ, ಮುಲಾಮು ಹಚ್ಚಿದ್ದೇನೆ. ನೀನು ಮಾತ್ರೆ ತಪ್ಪಿಸಬೇಡ. ಫೋನಿನಲ್ಲಿ ಹೇಳಿದರೆ ಇಲ್ಲಿ ಪಕ್ಕದ ಮನೆಗೂ ಕೇಳಿಸುತ್ತದೆ, ಅದಕ್ಕೇ ಈ ಅಂಚೆ ಕಾರ್ಡು. ಡಬ್ಬಿಗೆ ಹಾಕಲು ಪ್ರಸನ್ನನ ಕೈಗೇ ಕೊಡುತ್ತಿದ್ದೇನೆ. ಹೆದರಬೇಡ, ಮೊಬೈಲಿನಲ್ಲಿ ಬಾರದ್ದನ್ನು ಅವನು ಓದುವುದಿಲ್ಲ.

ನಿನ್ನ ಬಸವರಾಜೇಶ್ವರಿ