ತೊಟ್ಟಿಲ ಪಕ್ಕದ ಲ್ಯಾಬ್ ಮೀಟಿಂಗ್

ಜೂನ್ 16, ಸೋಮವಾರ

ಕೂಸು ಕಟ್ಟಿಕೊಂಡು ಇನ್ನಾಗದು, ಸಂಶೋಧನೆ ಬಿಡುತ್ತೇನೆ ಎಂದು ಗೈಡ್ ಮೈತ್ರೇಯಿ ಮೇಡಂಗೆ ಹೇಳಿ ವಾರವಾಯಿತು. ಅವರು ಒಪ್ಪಲೂ ಇಲ್ಲ, ಬಯ್ಯಲೂ ಇಲ್ಲ. ಇವತ್ತು ಇಡೀ ಲ್ಯಾಬನ್ನೇ ಚಿಕ್ಕಲಸಂದ್ರದ ನಮ್ಮ ಮನೆಗೆ ಕರೆತಂದುಬಿಟ್ಟರು.

"ನಿನ್ನ ಮಗಳು ನಡೆಯೋವರೆಗೂ ಮೀಟಿಂಗ್ ಇಲ್ಲೇ ಕಣೇ."

ತೊಟ್ಟಿಲ ಪಕ್ಕದಲ್ಲೇ ಪಿಸುಮಾತಿನಲ್ಲಿ ಜಗಳ ಶುರುವಾಯಿತು. ಜೂನಿಯರ್ ಸುಶ್ರುತ ನನ್ನ ಗ್ರಾಫೇ ತಪ್ಪು ಎಂದ. ರೇಗಿಹೋಯಿತು. ಹಾಗೆ ರೇಗಿ ಎಷ್ಟು ತಿಂಗಳಾಗಿತ್ತು! ದನಿ ಏರಿತು, ಮಗು ಎದ್ದಿತು.

"ಸಾಕು ಬಿಡಮ್ಮ ಈ ಓದು" ಎನ್ನುತ್ತಿದ್ದ ಅತ್ತೆಯೇ ಬಂದು ಎತ್ತಿಕೊಂಡರು. "ನೀನು ಮೊದಲು ಅವನಿಗೆ ಉತ್ತರ ಕೊಡು."

ಈಗ ಅಡುಗೆಮನೆಯಿಂದ ಕೇಳುತ್ತಿದ್ದಾರೆ: "ಮುಂದಿನ ಸೋಮವಾರ ಇಡ್ಲಿ ಮಾಡ್ಲಾ, ಉಪ್ಪಿಟ್ಟು ಮಾಡ್ಲಾ? ಆ ಹುಡುಗ ಇವತ್ತು ಏನೂ ತಿನ್ಲೇ ಇಲ್ಲ."

ಇಡ್ಲಿ ಎಂದೆ.