ಕಿವಿಗೆ ಮುಟ್ಟಿದ ಕೈ

ನಾಗನೂರ
26 ಜೂನ್ 2026, ಶುಕ್ರವಾರ

ಪ್ರೀತಿಯ ಮಗ ಅರ್ಫಾತನಿಗೆ ಅಬ್ಬಾನ ಸಲಾಮು,

ಹಾಗಲ್ಲಪ್ಪ, ಸುಳ್ಳು ಹೇಳಿದವನು ನಾನು, ನಾಚಿಕೆ ನಿನಗೇಕೆ? ನಿನ್ನೆ ನೀನು, "ನಮ್ಮ ಅಬ್ಬಾ ಸುಳ್ಳ ಹೇಳ್ಯಾನ ಅಂತ ನಾ ಕಾಗದದ ಮ್ಯಾಲ ಸಹಿ ಮಾಡಾಂಗಿಲ್ಲ" ಅಂದೆ, ಅಷ್ಟಕ್ಕೇ ಫೋನು ಕಡಿಯಿತು. ಲೇಹದಲ್ಲಿ ಫೋನು ಹೀಗೇ ಎಂದು ಗೊತ್ತು, ಆದರೂ ನೀನೇ ಸಿಟ್ಟಿನಿಂದ ಇಟ್ಟೆಯೇನೋ ಎಂದು ಸೊಸೆ ಜೀನತ ಊಟ ಬಿಟ್ಟಳು. ಇರಲಿ. ನಿನ್ನ ಮೊಣಕಾಲು ಹೇಗಿದೆ? ಅಲ್ಲಿಯ ಚಳಿಗೆ ಎಣ್ಣೆ ಹಚ್ಚಿದರೆ ಎಣ್ಣೆಯೇ ಗಟ್ಟಿಯಾಗುತ್ತದಂತೆ, ಖರೆಯೇ? ನನ್ನ ಹೆಲ್ತ್ ಈಸ್ ವೆಲ್. ಹಾರ್ಟ್ ಅಂತೂ ಬಹಳ ವೆಲ್, ಡಾಕ್ಟರರು ಬರೆದೇ ಕೊಟ್ಟಿದ್ದಾರೆ.

ನೀನು ಅರ್ಧಂಬರ್ಧ ಕೇಳಿದ್ದಕ್ಕೇ ಈ ಹಟ. ಮೊದಲಿನಿಂದ ಹೇಳುತ್ತೇನೆ. ಒಂಬತ್ತನೇ ತಾರೀಖು ನಿನಗೆ ಕಳಿಸಲೆಂದು ತಂದ ಕರದಂಟಿನಲ್ಲಿ ಸುಮಾರು ಅರ್ಧ ಕಿಲೋ ನಾನು ತಿಂದೆ. ರುಚಿ ನೋಡದೆ ಪಾರ್ಸಲ್ ಮಾಡುವುದು ಸರಿಯಲ್ಲ. ಮಧ್ಯಾಹ್ನ ಎದೆಯಲ್ಲಿ ಯಾರೋ ಮೊಳೆ ಹೊಡೆದಂತಾಯಿತು. ಜೀನತ ಮನೆಯಲ್ಲಿಲ್ಲ. ಬಾಜೂ ಮನೆಯ ಸೋಮಪ್ಪನ ಹಾಲಿನ ಟೆಂಪೊ ಅಂಗಳದಲ್ಲಿತ್ತು, ಚಾವಿ ಯಾವತ್ತಿನಂತೆ ಅದರಲ್ಲೇ. ನಿನ್ನ ಮಗಳು ಅಲ್ಮಾಸ ನನ್ನನ್ನು ಕ್ಯಾನುಗಳ ನಡುವೆ ಕೂರಿಸಿ ಮೂಡಲಗಿ ಆಸ್ಪತ್ರೆಗೆ ಹೊಡೆದಳು. ಆಕೆ ಯಾವಾಗ ಕಲಿತಳು ಎಂದು ನನ್ನನ್ನು ಕೇಳಬೇಡ, ತಿರುವಿನಲ್ಲಿ ನೋಡಿದರೆ ಪೂರ್ತಿ ಕಲಿತಿರಲಿಲ್ಲ. ನಾಲ್ಕು ಕ್ಯಾನು ಉರುಳಿದವು, ಹಾಲೆಲ್ಲ ನನ್ನ ಮೇಲೆ. ಡಾಕ್ಟರರು ಇಸಿಜಿ ತೆಗೆಯುವ ಮೊದಲು ನನ್ನನ್ನು ಒರೆಸಬೇಕಾಯಿತು. ಆಮೇಲೆ ಗ್ಯಾಸು ಅಂದರು.

ಇತ್ತ ಸೋಮಪ್ಪ ಟೆಂಪೊ ಕಾಣದೆ ಠಾಣೆಗೆ ಓಡಿ ಕಳವಿನ ದೂರು ಬರೆಸಿದ್ದ. ಒಯ್ದದ್ದು ಅಲ್ಮಾಸ ಎಂದು ತಿಳಿದಾಗ ತಲೆ ಬಡಿದುಕೊಂಡು, ದೂರು ತಿರುಗಿ ಕೊಡ್ರಿ ಎಂದು ಫೌಜದಾರರ ಮುಂದೆ ಕುಳಿತ. ಬರೆದದ್ದು ಬರೆದಾಯಿತು ಎಂದರು. ಅಲ್ಲಿಂದ ವಯಸ್ಸಿನ ಮಾತು ಬಂತು. ಶಾಲೆಯ ಸರ್ಟಿಫಿಕೇಟಿನ ಪ್ರಕಾರ ಜೂನ್ ಒಂದಕ್ಕೆ ಹದಿನೆಂಟು ತುಂಬಿದೆ. ಅಂದರೆ ಆವತ್ತಿಗೆ ದೊಡ್ಡವಳಾಗಿ ಎಂಟೇ ದಿನ. ದೊಡ್ಡವಳಾದರೆ ದೊಡ್ಡವರ ಕೋರ್ಟು, ಕಳವಿನ ಕೇಸು, ಅದು ಎಲ್ಲಿ ಹೋದರೂ ಬೆನ್ನ ಹಿಂದೆ. ಚಿಕ್ಕವಳಾದರೆ ಬಾಲನ್ಯಾಯ ಮಂಡಳಿ, ಬುದ್ಧಿಮಾತು, ಮನೆ, ಮುಂದೆ ಕೇಸಿನ ಕಲೆಯೂ ಉಳಿಯದು. ಜೀನತ ಠಾಣೆಯಲ್ಲಿ ಅಂದದ್ದು ಒಂದೇ ಮಾತು: "ಹಡೆದಾಕಿ ನಾ ಅದೇನಿ ರಿ, ಹದಿನಾರು." ಫೌಜದಾರರು ಒಳ್ಳೆಯವರು, ವಯಸ್ಸನ್ನು ಮಂಡಳಿಯೇ ತೀರ್ಮಾನಿಸಲಿ ಎಂದು ಬೆಳಗಾವಿಗೆ ಕಳಿಸಿದರು.

ಈಗ ನನ್ನ ಪಾಪ ಕೇಳು. ಅಲ್ಮಾಸಳಿಗೆ ನಾಲ್ಕು ವರ್ಷ ನಾಲ್ಕು ತಿಂಗಳಿದ್ದಾಗ ನಾನೇ ಶಾಲೆಗೆ ಹಾಕಿದೆ. ಊರಿಗೆಲ್ಲ ವಿದ್ಯೆಯ ಆಸೆ ಎಂದು ಹೇಳಿದ್ದೆ. ಟು ಬಿ ಫ್ರ್ಯಾಂಕ್, ಆಕೆ ಮನೆಯಲ್ಲಿದ್ದರೆ ನನಗೆ ಮಧ್ಯಾಹ್ನದ ನಿದ್ದೆ ಇರಲಿಲ್ಲ. ಆಗ ಮಾಸ್ತರರು ಕಾಗದ ಕೇಳುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನಮ್ಮ ಮನೆತನದ ಕೈ ಉದ್ದ. ಮುಟ್ಟಿಯೇ ಬಿಟ್ಟಳು. ಮಾಸ್ತರರು ಊರಿನ ಎಲ್ಲ ಮಕ್ಕಳಂತೆ ಆಕೆಯನ್ನೂ ಜೂನ್ ಒಂದರಂದು ಹುಟ್ಟಿಸಿದರು, ಹೌದಲ್ಲರಿ ಎಂದು ನನ್ನನ್ನು ಕೇಳಿದರು, ನಾನು ಹೌದೆಂದೆ. ನಿನ್ನ ಅಮ್ಮಿ ಸಾಯಿರಾಬಿ ಆವತ್ತೇ, "ಕೂಸಿನ ವಯಸ್ಸ ಕದ್ದೀರಿ" ಎಂದು ಎರಡು ದಿನ ಚಹಾ ಕೊಡಲಿಲ್ಲ. ಆಕೆ ಇದ್ದಿದ್ದರೆ ಈಗ ತಿಂಗಳುಗಟ್ಟಲೆ ಕೊಡುತ್ತಿರಲಿಲ್ಲ.

ಅಲ್ಮಾಸ ಹುಟ್ಟಿದಾಗ ಹುಕ್ಕೇರಿಯಲ್ಲಿ ಬರೆಸಿದ ಜನನ ದಾಖಲೆಯಲ್ಲಿ ಖರೆ ತಾರೀಖಿದೆ. ಆದರೆ ಕಾಯ್ದೆ ಮೊದಲು ಶಾಲೆಯ ಕಾಗದವನ್ನೇ ನೋಡುತ್ತದಂತೆ. ಅದು ತಪ್ಪೆಂದು ಬರೆಸಿದವನೇ ಒಪ್ಪಬೇಕು, ತಂದೆ ತಾಯಿ ಹೌದೆನ್ನಬೇಕು. ಇದನ್ನು ಹೇಳಿದವರು ಅಲ್ಮಾಸಳ ವಕೀಲೆ ದಾಕ್ಷಾಯಿಣಿ. ಫೀ ಇಲ್ಲ, ಮಕ್ಕಳಿಗೆ ಅದು ಹಕ್ಕಂತೆ.

ಮೊನ್ನೆ ಬುಧವಾರ ಮಂಡಳಿಯಲ್ಲಿ ಪೊಲೀಸರು ಕೂಡ ಸಾದಾ ಬಟ್ಟೆಯಲ್ಲಿದ್ದರು. ನಾನು ಎದ್ದು ನಿಂತು, "ಯುವರ್ ಆನರ್, ಐ ಆ್ಯಮ್ ದ ಸೋಲ್ ಕಲ್ಪ್ರಿಟ್" ಎಂದು ಶುರು ಮಾಡಿದೆ. ಮಂಡಳಿಯ ಮ್ಯಾಜಿಸ್ಟ್ರೇಟ್ ಮೇಡಂ ಕೈ ಎತ್ತಿ, "ಕನ್ನಡದಾಗ ಹೇಳ್ರಿ ಅಜ್ಜಾರ, ಹುಡುಗಿಗೂ ತಿಳೀಬೇಕು" ಅಂದರು. ಬಿ.ಎ. ಎರಡನೇ ವರ್ಷದಿಂದ ಕಾಯ್ದಿಟ್ಟ ಇಂಗ್ಲಿಷು ಅಲ್ಲೇ ಮುಗಿಯಿತು. ಕಿವಿ ಮುಟ್ಟುವುದೆಂದರೆ ಹೇಗೆ ಎಂದು ಕೇಳಿದರು. ತೋರಿಸಿದೆ. ಭುಜ ಹಿಡಿದುಕೊಂಡಿತು, ಕೈ ಕೆಳಗೆ ಬರಲಿಲ್ಲ. ಸಿಪಾಯಿ ಮತ್ತು ದಾಕ್ಷಾಯಿಣಿ ಸೇರಿ ಇಳಿಸುವಾಗ ನೋಡಿದರೆ ಗುಮಾಸ್ತರೂ ಮೆಲ್ಲಗೆ ತಮ್ಮ ಕಿವಿ ಹುಡುಕುತ್ತಿದ್ದರು.

ಆಮೇಲೆ ಮೇಡಂ ಅಲ್ಮಾಸಳನ್ನು ಹತ್ತಿರ ಕೂರಿಸಿಕೊಂಡರು. ಅಲ್ಲಿಯವರೆಗೆ ನಾವೆಲ್ಲ ಆಕೆಯ ಬಗ್ಗೆ ಮಾತಾಡಿದೆವು, ಆಕೆಯನ್ನು ಕೇಳಿದವರು ಅವರೊಬ್ಬರೇ. ಖರೆ ವಯಸ್ಸು ಬರೆದರೆ ನರ್ಸಿಂಗಿಗೆ ಈ ವರ್ಷ ಸೇರಲಾಗದು, ಡಿಸೆಂಬರ್ ಕೊನೆಗೆ ಹದಿನೇಳು ತುಂಬಿರಬೇಕು, ಒಂದೂವರೆ ತಿಂಗಳು ಕಡಿಮೆ ಬೀಳುತ್ತದೆ, ಗೊತ್ತೇ ಎಂದರು. ಆಕೆ, "ಗೊತ್ತೈತಿ ರಿ. ಒಂದ ವರ್ಷ ಕಾಯ್ತೇನಿ. ನನ್ನ ವಯಸ್ಸ ನನಗ ಕೊಡ್ರಿ" ಅಂದಳು. ನನಗೆ ಬಂದದ್ದು ನೆಗಡಿ ಎಂದು ಎಲ್ಲರಿಗೂ ಹೇಳಿದ್ದೇನೆ. ವಯಸ್ಸು ಆರಿಸಿಕೊಳ್ಳುವ ವಸ್ತುವಲ್ಲ, ಕಾಗದಗಳೆಲ್ಲ ಬಂದ ಮೇಲೆ ಜುಲೈ ಇಪ್ಪತ್ತಕ್ಕೆ ಹೇಳುತ್ತೇನೆ ಎಂದರು ಮೇಡಂ. ಅಲ್ಲಿಯವರೆಗೆ ಆಕೆ ಮನೆಯಲ್ಲೇ ಇರುತ್ತಾಳೆ. ಸೋಮಪ್ಪ ಮಾತ್ರ ದಿನಾ ಬಂದು ತಪ್ಪಾತು ಅಂತ...

ಬೆಳಕು ಇಳಿಯುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಇಲ್ಲಿಗೆ ನಿಲ್ಲಿಸುತ್ತೇನೆ. ಅಲ್ಲಾಹ ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಬ್ಬಾ,
ಉಸ್ಮಾನಸಾಬ

ತಾ.ಕ.: ಪ್ರಮಾಣಪತ್ರ ಇದರ ಜೊತೆಗೇ ಇದೆ, ಇಪ್ಪತ್ತರೊಳಗೆ ತಿರುಗಿ ಬರಬೇಕು. "ನನ್ನ ತಂದೆ ಸುಳ್ಳು ವಯಸ್ಸು ಬರೆಸಿದ್ದು ನಿಜ" ಎಂಬುದು ಮೂರನೇ ಸಾಲು, ಅದನ್ನು ಹೊಡೆದುಹಾಕಬೇಡ. ನನ್ನ ಮರ್ಯಾದೆ ನೀನು ಕಾಯಬೇಡಪ್ಪ, ಮಗಳನ್ನು ಕಾಯಿ. ಜೀನತ ಆಗಲೇ ಸಹಿ ಮಾಡಿದ್ದಾಳೆ. ಮಾವನ ಬಗ್ಗೆ ಇಂಥದನ್ನು ಹೇಗೆ ಬರೆಯಲಿ ಎಂದು ಮೂರು ದಿನ ಅತ್ತಳು, ಮಾಡುವಾಗ ಮಾತ್ರ ಎಷ್ಟು ಒತ್ತಿ ಮಾಡಿದ್ದಾಳೆಂದರೆ ಕಾಗದ ತೂತಾಗಿದೆ. ನೀನು ಅದರ ಬಾಜೂ ಮಾಡು.